ಗೇಣಿ ಅಕ್ಕಿಯೂ ಕೊರಿಯಾದ ಯುದ್ಧವೂ

1950ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ಹೊರವಲಯದ ಲೇಕ್ ಸಕ್ಸೆಸ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತುರ್ತಾಗಿ ಸಭೆ ಸೇರಿತು. ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತ್ತು. ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಬೆನಗಲ್ ನರಸಿಂಗ ರಾವ್, ಅವಿಭಜಿತ ದಕ್ಷಿಣ ಕನ್ನಡದ ಸಾರಸ್ವತ ಮನೆತನದವರು, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಬ್ಬರ ಸರದಿ. ಆ ಜೂನ್ ಭಾರತದ ಪಾಲಿಗೆ ಬಂದಿತ್ತು. ಭಾರತ ಗಣರಾಜ್ಯವಾಗಿ ಇನ್ನೂ ಐದು ತಿಂಗಳು ತುಂಬಿರಲಿಲ್ಲ.

ಅವೇ ದಿನಗಳಲ್ಲಿ ಉಡುಪಿ, ಕಾರ್ಕಳ ತಾಲೂಕುಗಳ ಬಯಲಿನಲ್ಲಿ ಏಣೆಲು ಬೆಳೆಯ ನೇಜಿ ನೆಡುವ ಹೊತ್ತು. ಮಳೆಯಲ್ಲಿ ಬೆನ್ನು ಬಗ್ಗಿಸಿ ನೆಡುತ್ತಿದ್ದವರಲ್ಲಿ ಬಹಳ ಮಂದಿಗೆ ಆ ಗದ್ದೆ ತಮ್ಮದಲ್ಲ. ಬೆಳೆ ಬಂದ ಮೇಲೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಧಣಿಯ ಚಾವಡಿಗೆ ಹೊತ್ತು ಹಾಕಬೇಕು. ಕೊರಿಯಾದ ಯುದ್ಧಕ್ಕೂ ಈ ಮುಡಿ ಅಕ್ಕಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಅದೂ ಬಹಳ ಹತ್ತಿರದ್ದು. ಹೊಸದಾಗಿ ಸ್ವತಂತ್ರವಾದ ದೇಶದ ರಾಜಕೀಯ ಸ್ಥಿರತೆ, ಆರ್ಥಿಕ ಸುಧಾರಣೆ, ವಿದೇಶಾಂಗ ನೀತಿ ಇವನ್ನು ಪಠ್ಯಪುಸ್ತಕಗಳು ಮೂರು ಬೇರೆ ಅಧ್ಯಾಯಗಳಾಗಿ ಹೇಳುತ್ತವೆ. ಉಡುಪಿಯ ಸುತ್ತಮುತ್ತಲಿನ ಚರಿತ್ರೆಯನ್ನು ನೋಡಿದರೆ ಮೂರೂ ಒಂದರೊಳಗೊಂದು ಹೆಣೆದುಕೊಂಡಿರುವುದು ತಿಳಿಯುತ್ತದೆ. ಊಟಕ್ಕೆ ಬೇರೆಯವರ ಹಡಗು ಕಾಯುವ ದೇಶ ವಿಶ್ವಸಂಸ್ಥೆಯಲ್ಲಿ ತನ್ನ ಮನಸ್ಸಿಗೆ ತೋಚಿದಂತೆ ಕೈ ಎತ್ತುವುದು ಕಷ್ಟ. ಉಳುವವನಿಗೆ ನೆಲದ ಹಕ್ಕಾಗಲಿ ಸಾಲವಾಗಲಿ ಸಿಗದಿದ್ದರೆ ಊಟ ಬೆಳೆಯುವುದೂ ಕಷ್ಟ.

ಭದ್ರತಾ ಮಂಡಳಿಗೆ ಹೋಗುವ ಮೊದಲು ನರಸಿಂಗ ರಾಯರು ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದರು. ಡಾ. ಅಂಬೇಡ್ಕರ್ ನೇತೃತ್ವದ ಕರಡು ಸಮಿತಿ ಕೈಗೆತ್ತಿಕೊಂಡ ಮೊದಲ ಕರಡು 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ್ದು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರೇ ರಾಯರ ಪಾಲನ್ನು ಹೆಸರಿಸಿ ನೆನೆದರು. ಕರಡು ಕೊಟ್ಟ ಬೆನ್ನಿಗೆ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜತೆಗಿನ ಮಾತುಕತೆ ಅವುಗಳಲ್ಲಿ ಮುಖ್ಯವಾದದ್ದು. ಅಮೆರಿಕದಲ್ಲಿ ಕಾರ್ಮಿಕರ ಕೆಲಸದ ಅವಧಿಗೆ, ಕನಿಷ್ಠ ಕೂಲಿಗೆ ಸಂಬಂಧಿಸಿದ ಕಾನೂನುಗಳನ್ನು ನ್ಯಾಯಾಲಯಗಳು 'ಡ್ಯೂ ಪ್ರೊಸೆಸ್' ಎಂಬ ಸಂವಿಧಾನದ ಮಾತನ್ನು ಹಿಡಿದು ದಶಕಗಳ ಕಾಲ ಹೊಡೆದುಹಾಕಿದ್ದವು. ಭಾರತದಲ್ಲೂ ಅದೇ ಮಾತು ಇದ್ದರೆ ನಾಳೆ ಭೂಸುಧಾರಣೆಯ ಕಾನೂನಿಗೂ ಅದೇ ಗತಿಯಾದೀತು ಎಂಬ ಆತಂಕ ರಾಯರಿಗಿತ್ತು. ಕರಡಿನಿಂದ ಆ ಮಾತು ಹೊರಹೋಯಿತು. 21ನೆಯ ವಿಧಿಯಲ್ಲಿ ಕಾನೂನು ವಿಧಿಸಿದ ಕಾರ್ಯವಿಧಾನ ಸಾಕು ಎಂಬ ಅರ್ಥದ ಮಾತು ಬಂದು ಕೂತಿತು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟವರ ರಕ್ಷಣೆ ಈ ಬದಲಾವಣೆಯಿಂದ ಬಡವಾಯಿತು. 1950ರ ಮೇ ತಿಂಗಳಲ್ಲೇ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಬಂಧನವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮುಂದೆ 1957ರಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿ ಬಂದವರು ಇದೇ ಗೋಪಾಲನ್. ಆ ರಕ್ಷಣೆ ಮತ್ತೆ ಗಟ್ಟಿಯಾಗಲು 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪಿನವರೆಗೆ ಕಾಯಬೇಕಾಯಿತು. ನೆಲದ ಪ್ರಶ್ನೆಗೆ ದಾರಿ ತೆರೆಯಲು ಹೋಗಿ ವ್ಯಕ್ತಿಸ್ವಾತಂತ್ರ್ಯದ ಬಾಗಿಲನ್ನು ಅರ್ಧ ಮುಚ್ಚಿದ್ದು ಸರಿಯಲ್ಲ. ಹಸಿದ ದೇಶದ ಅವಸರ ಅದಕ್ಕೆ ಕಾರಣವೆಂದು ಅರ್ಥಮಾಡಿಕೊಳ್ಳಬಹುದು, ಅಷ್ಟೆ.

ನೆಲದ ಪ್ರಶ್ನೆ ಇಲ್ಲಿ ಎಷ್ಟು ತೀವ್ರವಾಗಿತ್ತು? ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದ ರೈತವಾರಿ ಜಿಲ್ಲೆ. ಕಾಗದದ ಮೇಲೆ ಸರ್ಕಾರಕ್ಕೂ ರೈತನಿಗೂ ನಡುವೆ ಜಮೀನ್ದಾರನಿಲ್ಲ. ಆದರೆ ಸರ್ಕಾರದ ಲೆಕ್ಕದಲ್ಲಿ ರೈತನಾಗಿದ್ದವನು ವರ್ಗದಾರ, ಅಂದರೆ ಧಣಿ. ಅವನ ಕೆಳಗೆ ಒಕ್ಕಲುಗಳು. ಮೂಲಗೇಣಿಯ ಒಕ್ಕಲಿಗೆ ಒಂದಿಷ್ಟು ನೆಮ್ಮದಿಯಿತ್ತು. ಅವನ ಹಕ್ಕು ಶಾಶ್ವತ, ಗೇಣಿ ಏರುವಂತಿರಲಿಲ್ಲ. ಚಾಲಗೇಣಿಯವನ ಪಾಡು ಬೇರೆ. ವರ್ಷ ಮುಗಿದರೆ ಅವನನ್ನು ಎಬ್ಬಿಸಬಹುದು, ಗೇಣಿ ಏರಿಸಬಹುದು, ಹೆಚ್ಚು ಕೊಡುವವನು ಸಿಕ್ಕಿದರೆ ಗದ್ದೆಯನ್ನು ಅವನಿಗೆ ಕೊಡಬಹುದು. ಗೇಣಿಯ ಜತೆಗೆ ಹಬ್ಬಕ್ಕೆ ಬಾಳೆಗೊನೆ, ತರಕಾರಿ ಕಾಣಿಕೆ, ಧಣಿಯ ಮನೆಯಲ್ಲಿ ಮದುವೆಯೋ ಬೊಜ್ಜವೋ (ಉತ್ತರಕ್ರಿಯೆ) ಬಂದರೆ ಬಿಟ್ಟಿ ಚಾಕರಿ. ಎಷ್ಟೋ ಕಡೆ ಗೇಣಿಚೀಟೂ ಇಲ್ಲ, ರಶೀದಿಯೂ ಇಲ್ಲ, ಎಲ್ಲವೂ ಬಾಯಿಮಾತು. ಅಂಥ ಒಕ್ಕಲು ಗದ್ದೆಗೆ ಕಟ್ಟಪುಣಿ ಕಟ್ಟುವ, ಬಾವಿ ತೋಡುವ, ಅಡಿಕೆ ಸಸಿ ನೆಡುವ ಮನಸ್ಸು ಮಾಡುವುದಾದರೂ ಹೇಗೆ? ಸಸಿ ಫಲ ಕೊಡುವ ಹೊತ್ತಿಗೆ ತೋಟ ಇನ್ನೊಬ್ಬನ ಪಾಲಾದೀತು.

ಅದೇ ವೇಳೆಗೆ ದಕ್ಷಿಣ ಕೊರಿಯಾ ಈ ಗಂಟನ್ನು ಬಿಚ್ಚುತ್ತಿತ್ತು. 1949ರಲ್ಲಿ ಕಾಯಿದೆ, 1950ರ ವಸಂತದಲ್ಲಿ ತಿದ್ದುಪಡಿಯಾಗಿ ಜಾರಿ. ಒಂದು ಕುಟುಂಬಕ್ಕೆ ಸುಮಾರು ಮೂರು ಹೆಕ್ಟೇರ್ ಮಿತಿ, ಉಳಿದದ್ದು ಗೇಣಿದಾರರಿಗೆ. ಅದಕ್ಕೂ ಮೊದಲೇ 1946ರಲ್ಲಿ ಉತ್ತರದವರು ಪರಿಹಾರವನ್ನೇ ಕೊಡದೆ ಭೂಮಿ ಹಂಚಿದ್ದರು. ಪಕ್ಕದ ಜಪಾನಿನಲ್ಲಿ ಅಮೆರಿಕದ ಸೇನಾಡಳಿತವೇ ನಿಂತು ಭೂಸುಧಾರಣೆ ಮಾಡಿಸಿತು. ಆ ವರ್ಷಗಳಲ್ಲಿ ಟೋಕಿಯೊದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ನರಸಿಂಗ ರಾಯರ ತಮ್ಮ ಬೆನಗಲ್ ರಾಮರಾವ್. ಪೂರ್ವ ಏಷ್ಯಾದಲ್ಲಿ ಬಂದೂಕಿನ ನೆರಳಿನಲ್ಲಿ ಕೆಲವೇ ವರ್ಷಗಳಲ್ಲಿ ಆದದ್ದು ಕಾರ್ಕಳಕ್ಕೆ ಬರಲು 1974 ಆಗಬೇಕಾಯಿತು. ತಡವಾದದ್ದಕ್ಕೆ ಧಣಿಗಳ ಪ್ರಭಾವವೂ ಕಾರಣ, ಚುನಾವಣೆ, ಶಾಸನಸಭೆ, ನ್ಯಾಯಾಲಯಗಳ ದಾರಿಯೂ ಕಾರಣ. 1956ರ ನವೆಂಬರ್ 1ರಂದು ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸ ರಾಜ್ಯದ ಏಕರೂಪದ ಭೂಸುಧಾರಣೆ ಕಾಯಿದೆ 1961ರದ್ದು, ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲೂ ಧಣಿ ಸ್ವಂತ ಸಾಗುವಳಿಯ ಹೆಸರಿನಲ್ಲಿ ಗದ್ದೆಯನ್ನು ಹಿಂದಕ್ಕೆ ಪಡೆಯಲು ಸಾಕಷ್ಟು ಸಂದುಗಳಿದ್ದವು.

ಸಾಲದ ಕಥೆ ಇನ್ನೊಂದು. ರಾಮರಾಯರು ಟೋಕಿಯೊ, ವಾಷಿಂಗ್ಟನ್ ಮುಗಿಸಿ 1949ರ ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಆ ಹುದ್ದೆಯಲ್ಲಿ ಅವರಷ್ಟು ಕಾಲ ಇದ್ದವರು ಇನ್ನೊಬ್ಬರಿಲ್ಲ. ಅವರ ಕಾಲದಲ್ಲೇ ಎ.ಡಿ. ಗೋರ್ವಾಲಾ ಸಮಿತಿ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ನಡೆಸಿ 1954ರಲ್ಲಿ ವರದಿ ಕೊಟ್ಟಿತು. ರೈತರು ಎತ್ತುವ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇಕಡಾ 3ರ ಆಸುಪಾಸು. ವಾಣಿಜ್ಯ ಬ್ಯಾಂಕುಗಳದು ಶೇಕಡಾ 1 ಕೂಡ ಇಲ್ಲ. 70ರಷ್ಟು ಬಡ್ಡಿ ವ್ಯಾಪಾರದವರದ್ದು. ಈ ವರದಿಯ ಫಲವಾಗಿ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕ್ ಸ್ಟೇಟ್ ಬ್ಯಾಂಕ್ ಆಗಿ ಸರ್ಕಾರದ ಕೈಸೇರಿತು. 1957ರ ಜನವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರೊಂದಿಗೆ ರಾಮರಾಯರಿಗೆ ಭಿನ್ನಾಭಿಪ್ರಾಯ ಬಂತು. ಬ್ಯಾಂಕುಗಳು ಹುಂಡಿಯ ಮೇಲೆ ಪಡೆಯುವ ಸಾಲಕ್ಕೆ ಸರ್ಕಾರ ಸ್ಟಾಂಪ್ ಸುಂಕ ಏರಿಸಿದ್ದು ಬಡ್ಡಿದರವನ್ನೇ ಬದಲಿಸುವ ಕೆಲಸ, ಅದು ರಿಸರ್ವ್ ಬ್ಯಾಂಕಿನ ಅಧಿಕಾರ ಎಂಬುದು ಅವರ ವಾದ. ನೆಹರೂ ಸಚಿವರ ಪರ ನಿಂತರು, ರಾಮರಾಯರು ರಾಜೀನಾಮೆ ಕೊಟ್ಟು ಹೊರನಡೆದರು. ಹತ್ತು ವರ್ಷದ ಮಗುವಾಗಿದ್ದ ದೇಶದಲ್ಲಿ ಒಬ್ಬ ಅಧಿಕಾರಿ ಸಂಸ್ಥೆಯ ಗೌರವಕ್ಕಾಗಿ ಹುದ್ದೆ ಬಿಟ್ಟದ್ದು ಸಣ್ಣ ಸಂಗತಿಯಲ್ಲ. ಇಂದಿಗೂ ಗವರ್ನರಿಗೂ ಸರ್ಕಾರಕ್ಕೂ ಜಟಾಪಟಿಯಾದಾಗಲೆಲ್ಲ ಆ ಪ್ರಸಂಗ ಮೇಲೆದ್ದು ಬರುತ್ತದೆ.

ಮುಂಬಯಿಯ ರಿಸರ್ವ್ ಬ್ಯಾಂಕಿನಲ್ಲಿ ಇಷ್ಟೆಲ್ಲ ನಡೆಯುವುದಕ್ಕೆ ಬಹಳ ಮೊದಲೇ ಉಡುಪಿಯ ಬೀದಿಗಳಲ್ಲಿ ಬೇರೊಂದು ಪ್ರಯೋಗ ಶುರುವಾಗಿತ್ತು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಗಿ ಕಟ್ಟಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲ ಅದು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಾನೆ. ಮೀನು ಮಾರುವವರು, ಬೀಡಿ ಕಟ್ಟುವವರು, ಹೋಟೆಲಿನ ಮಾಣಿಗಳು ಬ್ಯಾಂಕಿನ ಗ್ರಾಹಕರಾದರು. ಬ್ಯಾಂಕೆಂದರೆ ಮಾರ್ಬಲ್ ಕಂಬದ ಕಟ್ಟಡ ಎಂದುಕೊಂಡಿದ್ದ ಕಾಲದಲ್ಲಿ ಬ್ಯಾಂಕೇ ಓಣಿಗಿಳಿದು ನಡೆಯಿತು. ಗೋರ್ವಾಲಾ ಸಮಿತಿ ದೇಶದಲ್ಲಿ ಹುಡುಕಿಯೂ ಕಾಣದಿದ್ದ ಹಳ್ಳಿಯ ಬ್ಯಾಂಕಿನ ಬೀಜ ಉಡುಪಿಯಲ್ಲಿ ಆಗಲೇ ಮೊಳೆತಿತ್ತು ಎಂದರೆ ಅತಿಶಯವಾಗದು.

ಇನ್ನು ಊಟದ ವಿಷಯ, ಅದಕ್ಕೆ ಮತ್ತೆ ಕೊರಿಯಾಕ್ಕೆ ಮರಳಬೇಕು. ಕೊರಿಯಾ ಯುದ್ಧದ ಮೊದಲ ನಿರ್ಣಯಕ್ಕೆ ಭಾರತ ಒಪ್ಪಿಗೆ ಕೊಟ್ಟಿತು. ಎರಡನೆಯದರ ವೇಳೆ ದೆಹಲಿಯ ಸೂಚನೆ ಬಾರದೆ ರಾಯರು ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ, ಎರಡು ದಿನದ ಮೇಲೆ ಸರ್ಕಾರ ಅದನ್ನು ಅಂಗೀಕರಿಸಿತು. ಆದರೆ ಹೋರಾಡುವ ಸೈನ್ಯ ಕಳಿಸಲು ಒಪ್ಪಲಿಲ್ಲ. ಬದಲಿಗೆ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳ ಹೋಯಿತು. ಡಿಸೆಂಬರಿನಲ್ಲಿ ಕದನವಿರಾಮಕ್ಕೆ ದಾರಿ ಹುಡುಕಲು ನೇಮಕವಾದ ಮೂವರಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಂದಿಗೆ ರಾಯರೂ ಇದ್ದರು. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರನೆಂದು ಸಾರುವ ನಿರ್ಣಯ ಬಂದಾಗ ಸೋವಿಯತ್ ಬಣದ ಆಚೆ ಅದನ್ನು ವಿರೋಧಿಸಿ ಮತ ಹಾಕಿದ ದೇಶಗಳು ಎರಡೇ, ಭಾರತ ಮತ್ತು ಬರ್ಮಾ.

ಅದೇ ತಿಂಗಳುಗಳಲ್ಲಿ ಭಾರತ ಅಮೆರಿಕದ ಮುಂದೆ 20 ಲಕ್ಷ ಟನ್ ಧಾನ್ಯ ಕೇಳಿ ನಿಂತಿತ್ತು. ಕೊರಿಯಾ, ಚೀನಾ ವಿಷಯದಲ್ಲಿ ಭಾರತದ ನಿಲುವಿಗೆ ಸಿಟ್ಟಾದ ಅಮೆರಿಕದ ಸಂಸದರು ತಿಂಗಳುಗಟ್ಟಲೆ ಅದನ್ನು ಎಳೆದಾಡಿದರು. ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಅದೂ 19 ಕೋಟಿ ಡಾಲರಿನ ಸಾಲವಾಗಿ. ಅಲಿಪ್ತ ನೀತಿಗೆ ತೆತ್ತ ಬೆಲೆ ಅಕ್ಷರಶಃ ಧಾನ್ಯದ ಲೆಕ್ಕದಲ್ಲಿ ಕಾಣಿಸಿದ್ದು ಆಗ. ಹದಿನೈದು ವರ್ಷದ ಮೇಲೆ ಅದೇ ಕಥೆ ಇನ್ನೂ ಕಠಿಣವಾಗಿ ಮರುಕಳಿಸಿತು. 1965 ಮತ್ತು 1966ರಲ್ಲಿ ಒಂದರ ಮೇಲೊಂದು ಬರಗಾಲ, ನಡುವೆ ಪಾಕಿಸ್ತಾನದೊಂದಿಗೆ ಯುದ್ಧ. ಅಮೆರಿಕದ ಪಿಎಲ್ 480 ಯೋಜನೆಯ ಗೋಧಿಯನ್ನು ಅಧ್ಯಕ್ಷ ಜಾನ್ಸನ್ ಹಡಗು ಹಡಗಾಗಿ ಅಳೆದು ಬಿಡುತ್ತಿದ್ದರು, ವಿಯೆಟ್ನಾಂ ಬಗ್ಗೆ ದೆಹಲಿ ಮಾತಾಡಿದಾಗ ಹಡಗು ಇನ್ನಷ್ಟು ನಿಧಾನವಾಗುತ್ತಿತ್ತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ ಡಾಲರ್ 4.76ರಿಂದ 7.50ಕ್ಕೆ ಏರಿತು. ಈ ಬಿಕ್ಕಟ್ಟಿನ ಹೊಸ್ತಿಲಲ್ಲಿ, 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಮಣಿಪಾಲದ ಟಿ.ಎ. ಪೈ, ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿದವರು. ಬೆಳೆದವನಿಗೆ ಖಚಿತವಾದ ಬೆಲೆ, ಸರ್ಕಾರದ ಗೋದಾಮಿನಲ್ಲಿ ಕಾಯ್ದಿಟ್ಟ ದಾಸ್ತಾನು ಇವೆರಡಿಲ್ಲದೆ ವಿದೇಶಾಂಗ ಸಚಿವರ ಮಾತಿಗೆ ತೂಕವಿಲ್ಲ ಎಂಬುದನ್ನು ದೇಶ ಕಷ್ಟಪಟ್ಟು ಕಲಿಯಿತು.

1969ರ ಜುಲೈ 19ರಂದು ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಸಿಂಡಿಕೇಟ್ ಅವುಗಳಲ್ಲಿ ಒಂದು. ಸ್ವಂತ ಕೈಯಿಂದ ಕಟ್ಟಿದ ಸಂಸ್ಥೆ ಸರ್ಕಾರದ್ದಾದದ್ದು ಮಣಿಪಾಲಕ್ಕೆ ನೋವಿನ ಸಂಗತಿಯೇ. ಆದರೂ ಟಿ.ಎ. ಪೈ ಅದರ ಕಸ್ಟೋಡಿಯನ್ ಆಗಿ ಮುಂದುವರಿದರು, ಜೀವವಿಮಾ ನಿಗಮಕ್ಕೆ ಹೋದರು, 1972ರಲ್ಲಿ ಕೇಂದ್ರದ ರೈಲ್ವೆ ಸಚಿವರಾದರು. 1975ರ ಅಕ್ಟೋಬರ್ 2ರಂದು ದೇಶದ ಮೊತ್ತಮೊದಲ ಗ್ರಾಮೀಣ ಬ್ಯಾಂಕ್ 'ಪ್ರಥಮಾ' ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ತೆರೆದಾಗ ಅದರ ಪ್ರಾಯೋಜಕ ಬ್ಯಾಂಕ್ ಸಿಂಡಿಕೇಟ್. ರಾಷ್ಟ್ರೀಕರಣದಿಂದ ಲಾಭವೋ ನಷ್ಟವೋ ಎಂಬ ವಾದ ಇನ್ನೂ ಮುಗಿದಿಲ್ಲ. ಒಂದನ್ನು ಮಾತ್ರ ನಿಸ್ಸಂಶಯವಾಗಿ ಹೇಳಬಹುದು. ಓಣಿ ಬಲ್ಲ ಬ್ಯಾಂಕುಗಳು ಈ ಜಿಲ್ಲೆಯಲ್ಲಿ ಮೊದಲೇ ಇದ್ದುದರಿಂದ ಇಲ್ಲಿ ರಾಷ್ಟ್ರೀಕರಣ ಹೊಸ ಅಭ್ಯಾಸವನ್ನು ಕಲಿಸಬೇಕಾಗಿರಲಿಲ್ಲ.

ನೆಲದ ಕಥೆಗೆ ಮರಳಿದರೆ, ಅದರ ಅತ್ಯಂತ ನಾಟಕೀಯ ಅಂಕ 1973ರ ಏಪ್ರಿಲ್ 24ರದ್ದು. ಕಾಸರಗೋಡು ಬಳಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 7ಕ್ಕೆ 6ರ ಬಹುಮತದ ತೀರ್ಪು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಏಳು ಮಂದಿಯಲ್ಲಿ ಒಬ್ಬರು ಕೆ.ಎಸ್. ಹೆಗ್ಡೆ, ಕಾರ್ಕಳ ತಾಲೂಕಿನ ಕೌಡೂರಿನವರು. ಮರುದಿನವೇ ಸರ್ಕಾರ ಹೆಗ್ಡೆ, ಶೇಲತ್, ಗ್ರೋವರ್ ಮೂವರ ಹಿರಿತನವನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಹೆಸರಿಸಿತು. ಹೆಗ್ಡೆ ರಾಜೀನಾಮೆ ಕೊಟ್ಟರು, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು, ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಿದರು.

ಈ ತೀರ್ಪಿನಿಂದ ಭೂಸುಧಾರಣೆ ನಿಲ್ಲಲಿಲ್ಲ ಎಂಬುದು ಮುಖ್ಯ. ಮಠಾಧಿಪತಿಯ ಹೆಸರಿನ ಮೊಕದ್ದಮೆ ದೇಶದ ಪ್ರಜಾಪ್ರಭುತ್ವಕ್ಕೆ ಬೇಲಿ ಕಟ್ಟಿತು, ಅದೇ ಹೊತ್ತಿಗೆ ಗೇಣಿದಾರನ ದಾರಿಯೂ ಮುಚ್ಚಲಿಲ್ಲ. ನರಸಿಂಗ ರಾಯರು 1947ರಲ್ಲಿ ಅಂಜಿದ್ದು ನ್ಯಾಯಾಲಯಕ್ಕೆ, ಹೆಗ್ಡೆಯವರು 1973ರಲ್ಲಿ ಅಂಜಿದ್ದು ಸರ್ಕಾರಕ್ಕೆ. ಇಬ್ಬರ ಅಂಜಿಕೆಯೂ ತಮ್ಮ ಕಾಲಕ್ಕೆ ಸರಿಯಾದದ್ದೇ.

ಹತ್ತೇ ತಿಂಗಳಲ್ಲಿ, 1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಅಂದಿನಿಂದ ರಾಜ್ಯದ ಗೇಣಿ ಭೂಮಿಯೆಲ್ಲ ಸರ್ಕಾರದ್ದು, ಉಳುವವನು ಅರ್ಜಿ ಕೊಟ್ಟು ತನ್ನದಾಗಿಸಿಕೊಳ್ಳಬೇಕು. ನಮೂನೆ 7 ಎಂದು ಕಾಯಿದೆ ಕರೆದ ಈ ಅರ್ಜಿ ಕರಾವಳಿಯವರ ಬಾಯಲ್ಲಿ 'ಡಿಕ್ಲರೇಶನ್' ಆಯಿತು. ಡಿಕ್ಲರೇಶನ್ ಕೊಟ್ಟಿದ್ದಾನಂತೆ ಎಂಬ ಮಾತು ಒಂದು ಮನೆಯಲ್ಲಿ ಹಬ್ಬ, ಇನ್ನೊಂದು ಮನೆಯಲ್ಲಿ ಸೂತಕ. ರಾಜ್ಯದಾದ್ಯಂತ ಬಂದ ಅರ್ಜಿ ಸುಮಾರು 8 ಲಕ್ಷ, ಅದರಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡದ್ದು. ಸುರತ್ಕಲ್ಲಿನ ಬಿ. ಸುಬ್ಬಯ್ಯ ಶೆಟ್ಟರು ಭೂಸುಧಾರಣೆಯ ಸಚಿವರಾಗಿದ್ದರು, ಕಾರ್ಕಳದ ಶಾಸಕ ವೀರಪ್ಪ ಮೊಯಿಲಿ ಅರಸು ಸಂಪುಟದಲ್ಲಿದ್ದರು.

ಭೂ ನ್ಯಾಯಮಂಡಳಿಯ ರಚನೆಯೇ ಜಾಣತನದ್ದು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜತೆಗೆ ಊರುಕೇರಿ ಬಲ್ಲ ನಾಮನಿರ್ದೇಶಿತ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ಆರಂಭದಲ್ಲಿ ವಕೀಲರು ವಾದಿಸುವಂತಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ, ಹೈಕೋರ್ಟಿಗೆ ರಿಟ್ ಮಾತ್ರ. ಗೇಣಿಚೀಟಿಲ್ಲದ ಒಕ್ಕಲು ನೆರೆಕರೆಯವರ ಸಾಕ್ಷಿಯ ಬಲದ ಮೇಲೆ ಧಣಿಯ ಎದುರು ನಿಂತು ಮಾತಾಡಬೇಕಾಗಿತ್ತು. ಧಣಿಯ ಅಂಗಳದಲ್ಲಿ ಚಪ್ಪಲಿ ಕಳಚಿ ನಿಲ್ಲುತ್ತಿದ್ದವನು ತಾಲೂಕು ಕಚೇರಿಯಲ್ಲಿ ಅವನ ಪಕ್ಕದಲ್ಲೇ ನಿಂತು ಈ ಗದ್ದೆ ಉಳುವವನು ನಾನು ಎಂದ. ಬಿಲ್ಲವರು, ಬಂಟರಲ್ಲಿನ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಭೂಮಿಯ ಒಡೆಯರಾದರು. ಆರ್‌ಟಿಸಿಯಲ್ಲಿ ಹೆಸರು ಬಂದದ್ದೇ ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ಸಾಲ ಸಿಗುವಂತಾಯಿತು. ಪಂಪ್‌ಸೆಟ್ ಬಂತು, ಅಡಿಕೆ ಸಸಿ ನೆಡುವ ಧೈರ್ಯ ಬಂತು, ಮಕ್ಕಳು ಹೈಸ್ಕೂಲು ದಾಟಿ ಕಾಲೇಜಿಗೆ ಹೋದರು. ಬ್ಯಾಂಕ್ ಮೊದಲೇ ಇತ್ತು, ಅಡವಿಡಲು ನೆಲವಿರಲಿಲ್ಲ. ಎರಡೂ ಕೂಡಿದಾಗ ಕರಾವಳಿಯ ಬದುಕು ಬದಲಾಯಿತು.

ಎಲ್ಲರಿಗೂ ನ್ಯಾಯ ಸಿಗಲಿಲ್ಲ. ಎರಡೋ ಮೂರೋ ಎಕರೆಯನ್ನು ಗೇಣಿಗೆ ಕೊಟ್ಟು ಬಂದ ಅಕ್ಕಿಯಲ್ಲೇ ಜೀವನ ಸಾಗಿಸುತ್ತಿದ್ದ ವಿಧವೆಯರು, ಬಡ ಅರ್ಚಕರ ಮನೆಗಳು ಒಂದೇ ಏಟಿಗೆ ಕೈ ಖಾಲಿ ಮಾಡಿಕೊಂಡವು. ಪರಿಹಾರ ಅಲ್ಪ, ಅದೂ ಕಂತಿನಲ್ಲಿ. ಇನ್ನೊಂದು ತುದಿಯಲ್ಲಿ, ಗೇಣಿಯೂ ಇಲ್ಲದೆ ಕೂಲಿಗೆ ದುಡಿದ ಕೊರಗರು, ಮುಗೇರರು, ಇತರ ದಲಿತರು. ಕಾಯಿದೆ ಗೇಣಿದಾರನನ್ನು ಗುರುತಿಸಿತೇ ಹೊರತು ಗದ್ದೆಯಲ್ಲಿ ದುಡಿಯುವ ಆಳನ್ನು ಗುರುತಿಸಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ದಕ್ಕಿದ್ದು ಮನೆಯಡಿಯ ಸ್ಥಳವಷ್ಟೆ. ಐವತ್ತು ವರ್ಷ ಕಳೆದರೂ ಆ ಅನ್ಯಾಯ ಹಾಗೇ ಉಳಿದಿದೆ, ಅದನ್ನು ಸಾಧನೆಯ ಅಡಿಟಿಪ್ಪಣಿಯಾಗಿ ಹೇಳಿ ಮುಗಿಸುವುದು ತಪ್ಪು. ನ್ಯಾಯಮಂಡಳಿಗಳ ಮೊದಲ ವರ್ಷಗಳು ತುರ್ತು ಪರಿಸ್ಥಿತಿಯ ವರ್ಷಗಳೂ ಹೌದು. ಪತ್ರಿಕೆಯ ಬಾಯಿ ಕಟ್ಟಿದ ಆ ಮೌನವನ್ನು ಸ್ಥಿರತೆ ಎಂದವರಿದ್ದಾರೆ. ನಿಜವಾದ ಸ್ಥಿರತೆ ಕಂಡದ್ದು 1977ರ ಬಳಿಕ. ಸರ್ಕಾರ ಬದಲಾಯಿತು, ಡಿಕ್ಲರೇಶನ್‌ಗಳ ವಿಚಾರಣೆ ಮಾತ್ರ ನಿಲ್ಲಲಿಲ್ಲ, ಅರ್ಜಿ ಕೊಡುವ ಗಡುವು 1979ರ ಜೂನ್‌ವರೆಗೂ ವಿಸ್ತರಣೆಯಾಯಿತು.

ಬರ್ಮಾದ ಮಾತು ಈಗ. 1947ರಲ್ಲಿ ಬರ್ಮಾದ ಸಂವಿಧಾನ ಸಿದ್ಧವಾಗುವಾಗ ಅಲ್ಲಿನ ಸಲಹೆಗಾರ ಯು ಚಾನ್ ಟೂನ್ ದೆಹಲಿಗೆ ಬಂದು ನರಸಿಂಗ ರಾಯರ ಜತೆ ಕೂತು ಕರಡು ತಿದ್ದಿದ್ದರು. ಒಬ್ಬರೇ ಪಂಡಿತರ ಕೈ ತಾಗಿದ ಎರಡು ಸಂವಿಧಾನಗಳು. ಬರ್ಮಾ 1948ರ ಜನವರಿ 4ರಂದು ಸ್ವತಂತ್ರವಾಯಿತು, ಅದಕ್ಕೂ ಮೊದಲೇ 1947ರ ಜುಲೈ 19ರಂದು ಅದರ ನಾಯಕ ಆಂಗ್ ಸಾನ್ ಕೊಲೆಯಾಗಿದ್ದರು. ಕೆಳಬರ್ಮಾದ ಭತ್ತದ ಬಯಲಿನಲ್ಲಿ ಕಾಲುಭಾಗದಷ್ಟು ಭೂಮಿ ಸಾಲಕ್ಕೆ ಬಿದ್ದು ಚೆಟ್ಟಿಯಾರರ ಪಾಲಾಗಿತ್ತು. 1948ರಲ್ಲಿ ಭೂ ರಾಷ್ಟ್ರೀಕರಣದ ಕಾಯಿದೆ ಬಂದರೂ ಒಳಯುದ್ಧ ಅದನ್ನು ನುಂಗಿತು. ಕರೆನ್ನರು, ಕಮ್ಯುನಿಸ್ಟರು, ಗಡಿ ಜನಾಂಗಗಳು ಒಂದೊಂದಾಗಿ ಆಯುಧ ಹಿಡಿದವು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಸಂವಿಧಾನವನ್ನೇ ಬದಿಗೆಸೆದ. ಭಾರತದ ದಾರಿ ಬೇರೆಯಾದದ್ದಕ್ಕೆ ಕಾರಣಗಳು ಹಲವು. ಒಂದು ಕಾರಣ ಕಾರ್ಕಳದ ತಾಲೂಕು ಕಚೇರಿಯಲ್ಲಿ ಕಾಣಸಿಗುತ್ತದೆ: ನೆಲದ ಜಗಳಕ್ಕೆ ಬಂದೂಕಿನ ಬದಲು ಒಂದು ಅರ್ಜಿ ನಮೂನೆ, ಒಂದು ವಿಚಾರಣೆಯ ದಿನಾಂಕ ಸಿಕ್ಕಿತು.

ಹೊರದೇಶಗಳ ನಂಟು ಸರ್ಕಾರದಿಂದ ಸರ್ಕಾರಕ್ಕೆ ಮಾತ್ರ ಬೆಳೆಯುವುದಲ್ಲ. ಸರ್ಕಾರದ ಬಳಿ ಹಣವಿಲ್ಲದ 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ಮುಂದೆ ಮಲೇಷ್ಯಾದಿಂದ ವಿದ್ಯಾರ್ಥಿಗಳು ತಂಡತಂಡವಾಗಿ ಬಂದರು, 1997ರಲ್ಲಿ ಎರಡೂ ದೇಶಗಳಲ್ಲಿ ಓದಿಸುವ ಮೆಲಕಾ ಮಣಿಪಾಲ ಕಾಲೇಜು ಆಯಿತು. ಮಲೇಷ್ಯಾದ ಆಸ್ಪತ್ರೆಗಳಲ್ಲಿ ಮಣಿಪಾಲದ ಹೆಸರು ಹೇಳಿದರೆ ಪರಿಚಯದ ನಗು ಸಿಗುವುದು ರಾಯಭಾರ ಕಚೇರಿಯೊಂದು ಮಾಡಬಲ್ಲದ್ದಕ್ಕಿಂತ ದೊಡ್ಡ ಕೆಲಸ. ಇದೇ ಮಾದರಿ ದೇಶದಲ್ಲಿ ಡೊನೇಶನ್ ಸೀಟುಗಳ ದಾರಿಯನ್ನೂ ಅಗಲ ಮಾಡಿತು, ಜಾಣ ಬಡ ಹುಡುಗರು ಹೊರಗುಳಿದರು. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕುಗಳ ಬಗ್ಗೆ ಕೊಟ್ಟ ತೀರ್ಪಿನ ಹೆಸರಲ್ಲೇ ಟಿ.ಎಂ.ಎ. ಪೈ ಪ್ರತಿಷ್ಠಾನವಿದೆ.

1991ರ ಸುಧಾರಣೆ ಕಾಪುವಿಗೆ ಬಂದದ್ದು ವಿದ್ಯುತ್ತಿನ ರೂಪದಲ್ಲಿ. ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದಾಗ ಅಮೆರಿಕದ ಕೊಜೆಂಟ್ರಿಕ್ಸ್ ನಂದಿಕೂರಿನಲ್ಲಿ ಕಲ್ಲಿದ್ದಲ ಸ್ಥಾವರ ಕಟ್ಟಲು ಬಂತು. ಊರವರ, ಪರಿಸರ ಸಂಘಟನೆಗಳ ವಿರೋಧ, ನ್ಯಾಯಾಲಯದ ಮೊಕದ್ದಮೆ, ಒಪ್ಪಂದಗಳ ವಿಳಂಬ ಎಲ್ಲ ಸೇರಿ 1999ರ ಕೊನೆಗೆ ಕಂಪೆನಿ ಹಿಂದೆ ಸರಿಯಿತು. ಬಳಿಕ ಅಲ್ಲೇ ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಸ್ಥಾವರ ಎದ್ದಿತು. ಅದು ಉರಿಸುವುದು ಹೊರದೇಶದ ಕಲ್ಲಿದ್ದಲು, ನವಮಂಗಳೂರು ಬಂದರಿನಿಂದ ರೈಲಿನಲ್ಲಿ ಬರುವುದು. ಒಂದು ಕಾಲಕ್ಕೆ ಗೋಧಿಯ ಹಡಗನ್ನು ಕಾದ ದೇಶ ಈಗ ಕಲ್ಲಿದ್ದಲಿನ ಹಡಗನ್ನು ಕಾಯುತ್ತದೆ. ವಿದ್ಯುತ್ ರಾಜ್ಯಕ್ಕೆಲ್ಲ ಹೋಗುತ್ತದೆ, ಬೂದಿ ಮತ್ತು ಉಪ್ಪುನೀರಿನ ದೂರು ಎಲ್ಲೂರಿನ ಗದ್ದೆಗಳದು. 2022ರಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಪರಿಹಾರ ಕಟ್ಟುವಂತೆ ಆದೇಶಿಸಿತು. ಸುಧಾರಣೆಯ ಲಾಭ ಒಂದೂರಿಗೆ, ಭಾರ ಇನ್ನೊಂದೂರಿಗೆ ಆಗುವುದನ್ನು ತಡೆಯಲು ಭೂ ನ್ಯಾಯಮಂಡಳಿಯಂಥ ಕೈಗೆಟುಕುವ ಕಟ್ಟೆ ಈ ಹೊಸ ಕಾಲದ ರೈತನಿಗೆ ಇಲ್ಲ.

2020 ಈ ಜಿಲ್ಲೆಯ ಮಟ್ಟಿಗೆ ವಿಚಿತ್ರ ವರ್ಷ. ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಉಡುಪಿಯಲ್ಲಿ ಹುಟ್ಟಿದ ಎರಡೂ ಹೆಸರು ಒಂದೇ ದಿನ ಫಲಕದಿಂದ ಇಳಿದವು. ಅದೇ ವರ್ಷ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾದವು, ಕೃಷಿಕನಲ್ಲದವನೂ ಈಗ ಕೃಷಿಭೂಮಿ ಕೊಳ್ಳಬಹುದು. ಇನ್ನೊಂದೆಡೆ ಡಿಕ್ಲರೇಶನ್ನಿನಲ್ಲಿ ಗೆದ್ದ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿದ್ದಾರೆ, ಆಳು ಸಿಗುವುದಿಲ್ಲ, ಸಿಕ್ಕಿದರೂ ಕೂಲಿ ಕೊಟ್ಟು ಭತ್ತ ಬೆಳೆದರೆ ಅಸಲು ಹುಟ್ಟುವುದಿಲ್ಲ. ಗೇಣಿಗೆ ಕೊಡೋಣವೆಂದರೆ 1974ರ ಕಾಯಿದೆಯ ನೆನಪು: ಕೊಟ್ಟವನಿಗೆ ನೆಲ ಹೋದೀತೆಂಬ ಭಯ. 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟ್ ಅಂಥ ಹಡಿಲು ಗದ್ದೆಗಳಲ್ಲಿ ಮತ್ತೆ ನೇಜಿ ನೆಡಿಸಿ ಕಜೆ ಅಕ್ಕಿಯನ್ನು ಮಾರುಕಟ್ಟೆಗೆ ತಂದಿತು. ಒಡೆಯನ ಹಕ್ಕು ಅಲುಗದಂತೆ, ಬೆಳೆಸುವವನ ಶ್ರಮವೂ ಪೋಲಾಗದಂತೆ ವರ್ಷಾವಧಿಗೆ ಬರೆದುಕೊಡುವ ಒಂದು ಸರಳ ಕಾನೂನು ಬಂದರೆ ಇಂಥ ಪ್ರಯತ್ನಗಳು ಅಭಿಯಾನದ ಉತ್ಸಾಹವನ್ನು ದಾಟಿ ಉಳಿಯುತ್ತವೆ. ಆ ಕಾನೂನಿನಲ್ಲಿ 1974ರಲ್ಲಿ ಬಿಟ್ಟುಹೋದ ಕೊರಗ, ಮುಗೇರ ಕುಟುಂಬಗಳಿಗೆ ಮೊದಲ ಅವಕಾಶ ಸಿಗಬೇಕು, ಅವರ ಕೈಗೆ ಬ್ಯಾಂಕಿನ ಸಾಲವೂ ಬರಬೇಕು.